ಕವಡೆ ಹಾಕಿ, ಕಥೆ ಕಟ್ಟಿ

ರಜೆ ಬಂತೆಂದರೆ ಮಕ್ಕಳು ಮೊಬೈಲ್ ಬಿಡೋದೇ ಇಲ್ಲ ಅಂತ ಗೊಣಗ್ತೀರಾ? ಚೌಕಾಬಾರದ ನಾಲ್ಕು ಕವಡೆ ತೆಗೆದಿಡಿ. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಬಂತು. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಪಾತ್ರಗಳಾಗ್ತಾರೆ, ದಾಳ ಸೋಲು-ಗೆಲುವು ಹೇಳುತ್ತೆ. ಅದನ್ನೇ ಕವಡೆಯಲ್ಲಿ ಆಡಿಸಬಹುದು.

ಕಥೆಗಾಗಿ ದೂರ ಹೋಗಬೇಕಿಲ್ಲ. ಪಾಂಡವಪುರದ ಕುಂತಿಬೆಟ್ಟದಲ್ಲಿ ವನವಾಸದ ಪಾಂಡವರು ತಂಗಿದ್ದರೆಂಬ ಐತಿಹ್ಯವಿದೆ. ಮಕ್ಕಳನ್ನು ಮನಸ್ಸಿನಲ್ಲೇ ಅಲ್ಲಿಗೆ ಹತ್ತಿಸಿ. "ಕತ್ತಲಾಗ್ತಿದೆ, ಬಂಡೆ ಹಿಂದೆ ಏನೋ ಸದ್ದು. ಏನ್ಮಾಡ್ತೀಯ?" ಅಂತ ಕೇಳಿ, ಸುಮ್ಮನಿರಿ.

ಆಡಿಸುವಾಗ ನೆನಪಿಡಿ:

* ಉತ್ತರ ನೀವೇ ಹೇಳಿಕೊಡಬೇಡಿ. ಕಥೆಯ ಕೊನೆಯನ್ನೂ ಮೊದಲೇ ನಿರ್ಧರಿಸಬೇಡಿ.
* ಆಗುತ್ತೋ ಇಲ್ಲವೋ ಎನ್ನುವ ಕೆಲಸಕ್ಕೆ ಮಾತ್ರ ಕವಡೆ ಹಾಕಿಸಿ. ಎರಡಾದರೂ ಬಾಯಿ ಮೇಲಾಗಿ ಬಿದ್ದರೆ ಗೆಲುವು.
* ಸೋತರೆ ಆಟ ನಿಲ್ಲಬಾರದು. ಪಂಜು ಆರಲಿ, ದಾರಿ ತಪ್ಪಲಿ, ಕಥೆ ಮುಂದೆ ಸಾಗಲಿ.
* ದೊಡ್ಡವನೇ ಎಲ್ಲರ ಪರವಾಗಿ ಮಾತಾಡ್ತಿದ್ದರೆ, ಸುಮ್ಮನೆ ಕೂತ ಮಗುವನ್ನು ಹೆಸರು ಹಿಡಿದು ಕೇಳಿ. ಕಾಯಿರಿ.
* ಮುಕ್ಕಾಲು ಗಂಟೆ ಸಾಕು. ಕುತೂಹಲ ಇರುವಾಗಲೇ ಕವಡೆ ಎತ್ತಿಡಿ.

ನೆಂಟರ ಮುಂದೆ ಬಾಯಿಬಿಡದ ಮಗು "ನಾನೇ ಹೋಗಿ ನೋಡ್ತೀನಿ" ಅಂದರೆ, ಅಂದಿನ ಆಟ ಗೆದ್ದಂತೆಯೇ!