ಹಳೆಯ ಜೀಪು ಕೊಳ್ಳುವ ಮೊದಲು ಬಾನೆಟ್ಟು ಎತ್ತಿ ನೋಡಿರಿ



ಎತ್ತು ಕೊಳ್ಳುವಾಗ ನೀವು ಹಲ್ಲು ಎಣಿಸುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ಗೊರಸು ಪರೀಕ್ಷಿಸುತ್ತೀರಿ. ಹಳೆಯ ಜೀಪು ಮಾರಾಟಕ್ಕೆ ಬಂದರೆ ಮಾತ್ರ ಬಣ್ಣ ನೋಡಿ, ಹಾರನ್ನು ಒತ್ತಿ, ಮುಂಗಡ ಕೊಟ್ಟುಬಿಡುವುದುಂಟು. ಇಂಜಿನ್ನಿನ ಭಾಗಗಳನ್ನು ಗುರುತಿಸಲು ಬಾರದವರು ಹತ್ತು ರೂಪಾಯಿಯ ಸೀಮೆಎಣ್ಣೆಯಲ್ಲಿ ತೊಳೆದು ಸರಿಮಾಡಬಹುದಾದ ದೋಷಕ್ಕೆ ಇಡೀ ಇಂಜಿನ್ ಬಿಚ್ಚಿಸಿ ಸಾಲ ಮಾಡಿಕೊಳ್ಳುತ್ತಾರೆ. ಆದುದರಿಂದ ಈ ಸಂಚಿಕೆಯಲ್ಲಿ ಬೆಳೆಯ ಮಾತು ಬಿಟ್ಟು ಜೀಪಿನ ಮಾತು ಬರೆದಿದ್ದೇನೆ.

ಜೀಪಿಗೂ ನಮ್ಮ ಬ್ಲಾಕುಗಳಿಗೂ ಹಳೆಯ ನಂಟು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ನಂತರ, ರಸ್ತೆಯಿಲ್ಲದ ಹಳ್ಳಿಗಳಿಗೆ ಅಧಿಕಾರಿಗಳು ಬರುತ್ತಿದ್ದುದು ಜೀಪಿನಲ್ಲಿಯೇ. ಅಂಥ ಗಾಡಿಗಳು ಹರಾಜಿನಲ್ಲಿ ಮಾರಾಟವಾಗಿ, ಕೈಯಿಂದ ಕೈಗೆ ಬದಲಾಗಿ, ಈಗಲೂ ಅಲ್ಲಲ್ಲಿ ತೋಟದ ಮನೆಗಳಲ್ಲಿ ನಿಂತಿವೆ.

ಮೊದಲು ಇಂಜಿನ್ ಯಾವುದೆಂದು ತಿಳಿಯಿರಿ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಇಂಜಿನ್ನಿಗೆ ತಲೆ ಚಪ್ಪಟೆ. ನಾಲ್ಕು ಪ್ಲಗ್ಗುಗಳು ಅದರ ಮೇಲೆ ಗೂಟ ಹೊಡೆದ ಹಾಗೆ ನೆಟ್ಟಗೆ ನಿಂತಿರುತ್ತವೆ. 1953ರಲ್ಲಿ ಬಂದ ಸಿ.ಜೆ.-3ಬಿ ಮಾದರಿಯ ಇಂಜಿನ್ ಬೇರೆ. ಅದರಲ್ಲಿ ಗಾಳಿ ಒಳಕ್ಕೆ ಬಿಡುವ ವಾಲ್ವುಗಳು ತಲೆಯಲ್ಲಿ, ಹೊಗೆ ಹೊರಕ್ಕೆ ಬಿಡುವ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿ. ತಲೆಯ ಮೇಲೆ ತಗಡಿನ ಮುಚ್ಚಳ ಕೂತು ಇಂಜಿನ್ ಎತ್ತರವಾದುದರಿಂದಲೇ ಆ ಜೀಪಿನ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ದೂರದಿಂದಲೇ ಅದರ ಗುರುತು ಹತ್ತುತ್ತದೆ. ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲಿ ಬಹುಕಾಲ ತಯಾರಿಸಿದ್ದು ಇದೇ ಮಾದರಿಯನ್ನು. ಪ್ಲಗ್ಗಿನ ತಂತಿಗಳೇ ಇಲ್ಲದೆ, ಒಂದು ಪಂಪಿನಿಂದ ಪ್ರತಿಯೊಂದು ಸಿಲಿಂಡರಿಗೂ ಸಣ್ಣ ಉಕ್ಕಿನ ಕೊಳವೆ ಹೋಗಿದ್ದರೆ ಅದು ಡೀಸೆಲ್ ಇಂಜಿನ್. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳು ಬಹಳ. ಆ ವಿಚಾರ ಕೊನೆಯಲ್ಲಿ ಹೇಳುತ್ತೇನೆ.

ಈಗ ಮುಖ್ಯವಾದ ಭಾಗಕ್ಕೆ ಬರೋಣ. ಪೆಟ್ರೋಲ್ ಇಂಜಿನ್ನಿನ ಒಳಗಿನಿಂದ ಒಂದು ಕೊಳವೆ ಹೊರಟು, ಬೆರಳುಗಾತ್ರದ ಒಂದು ವಾಲ್ವಿನ ಮೂಲಕ, ಕಾರ್ಬುರೇಟರಿನ ಕೆಳಗಿನ ಗಾಳಿದಾರಿಗೆ ಸೇರುತ್ತದೆ. ನೋಡಲು ಅಲ್ಪವಾದುದು. ಅನೇಕರು ಇದನ್ನು ಕೆಲಸಕ್ಕೆ ಬಾರದ್ದೆಂದು ಕಿತ್ತು, ತೂತಿಗೆ ಬಿರಡೆ ಹಾಕುತ್ತಾರೆ. ಹಾಗೆ ಮಾಡಕೂಡದು. ಏಕೆಂದರೆ ಎಷ್ಟೇ ಹೊಸ ಇಂಜಿನ್ ಆದರೂ ಉರಿದ ಅನಿಲದ ಸ್ವಲ್ಪ ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಎಣ್ಣೆಯ ಚೇಂಬರಿಗೆ ಇಳಿಯುತ್ತದೆ. ಅದರಲ್ಲಿ ನೀರಿನ ಆವಿ ಇರುತ್ತದೆ, ಉರಿಯದ ಪೆಟ್ರೋಲೂ ಇರುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಅದು ಎಣ್ಣೆಯನ್ನು ಕೆಸರು ಮಾಡುತ್ತದೆ, ಒತ್ತಡದಿಂದ ಸೀಲುಗಳ ಸಂದಿಯಲ್ಲಿ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಈ ವಾಲ್ವು ಆ ಹೊಗೆಯನ್ನು ಎಳೆದು ಮತ್ತೆ ಇಂಜಿನ್ನಿಗೇ ಉಣಿಸಿ ಸುಡುತ್ತದೆ. ಮಾಡಿನ ಕೆಳಗೆ ಒಲೆ ಹಚ್ಚಿ ಹೊಗೆಗಂಡಿ ಮುಚ್ಚಿದರೆ ಅಡಿಗೆಮನೆ ಏನಾಗುತ್ತದೆಂದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ!

ಅಮೆರಿಕದ ಲಾಸ್ ಏಂಜಲೀಸ್ ಪಟ್ಟಣದಲ್ಲಿ ಕಾರುಗಳ ಹೊಗೆಯಿಂದ ಕಣ್ಣುರಿ ಹೆಚ್ಚಾದಾಗ ಕ್ಯಾಲಿಫೋರ್ನಿಯ ರಾಜ್ಯದವರು ಮೊದಲು ಕೈಹಾಕಿದ್ದು ಇದೇ ದಾರಿಗೆ. 1961ರ ಮಾದರಿಯ ಕಾರುಗಳಿಂದ ಅಲ್ಲಿ ಇಂಥ ವಾಲ್ವು ಬಂದಿತು. ಯುದ್ಧಕಾಲದ ಜೀಪಿನಲ್ಲಿ ಅದಕ್ಕೂ ಮೊದಲೇ ಇತ್ತು. ಆಮೇಲೆ ಅಲ್ಲಿನ ಗಾಡಿಗಳಿಗೆ ಹೊಗೆಗೆ ಗಾಳಿ ಊದುವ ಪಂಪು, ಪೆಟ್ರೋಲಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿ, 1975ರ ಸುಮಾರಿಗೆ ಹೊಗೆ ಶುದ್ಧಿಮಾಡುವ ಕನ್ವರ್ಟರು, ಇವೆಲ್ಲ ಒಂದೊಂದಾಗಿ ಸೇರಿದವು. ನಮ್ಮಲ್ಲಿ ಕನ್ವರ್ಟರು ಬಂದದ್ದು 1995ರಲ್ಲಿ, ಅದೂ ಮೊದಲಿಗೆ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮಾತ್ರ. ಆದುದರಿಂದ ಹಳೆಯ ಜೀಪಿನಲ್ಲಿ ಇವು ಕಾಣಲಿಲ್ಲವೆಂದು ಯಾರಾದರೂ ಬೆಲೆ ಇಳಿಸಿದರೆ ಅಥವಾ ಕೂರಿಸಿಕೊಡುತ್ತೇನೆಂದು ಹಣ ಕೇಳಿದರೆ ಒಪ್ಪಬೇಡಿರಿ. ಅವು ಅದರಲ್ಲಿ ಇರಲೇ ಇಲ್ಲ. ಕನ್ವರ್ಟರು ಇರುವ ಹೊಸ ಕಾರಿನಿಂದ ಅದನ್ನು ತೆಗೆಸುವುದು ಬೇರೆ ಮಾತು. ಅದರೊಳಗೆ ಬೆಲೆಬಾಳುವ ಲೋಹವಿರುವುದರಿಂದ ಕದ್ದು ಮಾರುವವರೂ ಇದ್ದಾರೆ.

ವಾಲ್ವನ್ನು ಪರೀಕ್ಷಿಸುವುದು ಸುಲಭ. ಇಂಜಿನ್ ಮೆಲ್ಲಗೆ ಓಡುತ್ತಿರುವಾಗ ಅದರ ಕೊಳವೆಯನ್ನು ಕಳಚಿ ವಾಲ್ವಿನ ಬಾಯಿಗೆ ಬೆರಳು ಇಡಿರಿ. ಬೆರಳನ್ನು ಎಳೆದಂತಾಗಬೇಕು. ಎಳೆಯದಿದ್ದರೆ ಮಸಿ ಕಟ್ಟಿದೆ ಎಂದು ಅರ್ಥ. ಇಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿರಿ. ತೆರೆದೇ ಅಂಟಿಕೊಂಡಿದ್ದರೆ ಇಂಜಿನ್ ನಿಂತಲ್ಲಿ ತಡವರಿಸುತ್ತದೆ. ಇದಾದ ನಂತರ ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿರಿ. ವಾಲ್ವು ಸರಿಯಿದ್ದೂ ಹೊಗೆ ಬುಸುಬುಸು ಎಂದು ಉಕ್ಕಿದರೆ ರಿಂಗುಗಳು ಸವೆದಿವೆ. ಆಗ ಬೆಲೆಯ ಮಾತು ಮತ್ತೊಮ್ಮೆ ಆಡಬೇಕು. ಮೊದಲೇ ಮುಚ್ಚಳ ತೆಗೆದು ರೀಬೋರು ಎಂದು ತೀರ್ಮಾನಿಸುವವರ ಮಾತು ಕೇಳಬೇಡಿರಿ.

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೂ ಹೀಗೆಯೇ ತಾಳ್ಮೆ ಬೇಕು. ಎಣ್ಣೆ ಉರಿಯುತ್ತಿದೆ ಎಂಬುದು ನಿಜ, ಆದರೆ ಎಲ್ಲಿಂದ? ಸಿ.ಜೆ.-3ಬಿ ಜೀಪುಗಳ ಪೆಟ್ರೋಲ್ ಪಂಪು ಎರಡು ಅಂತಸ್ತಿನದಾಗಿರುವುದುಂಟು. ಒಂದು ಅಂತಸ್ತು ಪೆಟ್ರೋಲ್ ಎತ್ತುತ್ತದೆ, ಇನ್ನೊಂದು ಮಳೆ ಒರೆಸುವ ವೈಪರಿಗೆ ಗಾಳಿ ಎಳೆಯುತ್ತದೆ. ವೈಪರಿನ ಕೊಳವೆ ಪಂಪಿಗೆ ಬಂದಿದ್ದರೆ ಅದೇ ಗುರುತು. ಅದರೊಳಗಿನ ಪೊರೆ ಹರಿದರೆ ಚೇಂಬರಿನ ಎಣ್ಣೆ ಗಾಳಿದಾರಿಗೆ ಹೋಗಿ ಉರಿಯುತ್ತದೆ, ರಿಂಗಿನ ತಪ್ಪೇನೂ ಇರುವುದಿಲ್ಲ. ಪೆಟ್ರೋಲಿನ ಕಡೆಯ ಪೊರೆ ಹರಿದರೆ ಇನ್ನೂ ಅಪಾಯ. ಪೆಟ್ರೋಲ್ ಚೇಂಬರಿಗೆ ಇಳಿದು ಎಣ್ಣೆಯ ಮಟ್ಟ ತಾನಾಗಿಯೇ ಏರುತ್ತದೆ. ಅಳತೆಯ ಕಡ್ಡಿ ಎತ್ತಿ ಮೂಸಿರಿ. ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಚಾಲೂ ಮಾಡಿಸಲೇಬೇಡಿರಿ.

ಕಪ್ಪು ಹೊಗೆಗೆ ಮೊದಲು ಏರ್ ಕ್ಲೀನರ್ ನೋಡಿರಿ. ಎಣ್ಣೆ ತುಂಬುವ ಬಟ್ಟಲಿನ ಈ ಕ್ಲೀನರು ಟ್ರ್ಯಾಕ್ಟರಿನಿಂದ ನಿಮಗೆ ಪರಿಚಿತವೇ. ಗೆರೆಯ ತನಕ ಎಣ್ಣೆ, ತಳದಲ್ಲಿ ಕೆಸರಿಲ್ಲದಿರುವುದು, ಇಷ್ಟೇ.

ರಬ್ಬರ್ ಕೊಳವೆಗಳ ವಿಷಯ ಹೊಸದಾಗಿ ಎದ್ದಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಅದರಲ್ಲಿ ನಮ್ಮ ಕಬ್ಬಿನ ಪಾಲೂ ಇದೆ. ಹಳೆಯ ರಬ್ಬರು ಇದಕ್ಕೆ ಊದಿಕೊಂಡು ಮೆತ್ತಗಾಗುತ್ತದೆ, ಪಂಪಿನ ಪೊರೆಯೂ ಅಷ್ಟೆ. ಬಿಸಿ ಇಂಜಿನ್ನಿನ ಮೇಲೆ ಹನಿ ಪೆಟ್ರೋಲ್ ಬಿದ್ದರೂ ಗಾಡಿ ಸುಟ್ಟುಹೋದೀತು. ಎಥನಾಲ್ ತಾಳುವ ಕೊಳವೆಯನ್ನೇ ಕೇಳಿ ಹಾಕಿಸಿರಿ.

ಇನ್ನು ಜೀವದ ಮಾತು. ಹೊಗೆಕೊಳವೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇರುವುದಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ಜೀಪು ಓಡಿಸಿ ಪರೀಕ್ಷಿಸಕೂಡದು. ಸೈಲೆನ್ಸರಿಗೆ ತೂತು ಬಿದ್ದ ಜೀಪಿಗೆ ಮಳೆಗಾಲದಲ್ಲಿ ಸುತ್ತ ಟಾರ್ಪಾಲು ಇಳಿಬಿಟ್ಟು ಹಿಂದೆ ಮಕ್ಕಳನ್ನು ಕೂರಿಸುವುದಂತೂ ಬೇಡವೇ ಬೇಡ. ಮೊದಲು ತೂತು ವೆಲ್ಡು ಮಾಡಿಸಿರಿ. ಹೊಗೆ ಪರೀಕ್ಷೆಯ ಕೇಂದ್ರದಲ್ಲಿ ಇಂಥ ಹಳೆಯ ಪೆಟ್ರೋಲ್ ಗಾಡಿಗಳಿಗೆ ಈ ಅನಿಲ ಶೇಕಡಾ 3 ಮೀರಬಾರದೆಂದು ನಿಯಮವಿದೆ. ಗಾಡಿ ಕೊಳ್ಳುವ ಮೊದಲೇ ಅಲ್ಲಿಗೆ ಒಯ್ದು ಚೀಟಿ ಪಡೆದರೆ ಇಂಜಿನ್ನಿನ ಗುಣವೂ ತಿಳಿಯುತ್ತದೆ.

ಡೀಸೆಲ್ ಕೂರಿಸಿದ ಜೀಪಿನ ಮಾತು ಉಳಿಯಿತು. ಇಂಜಿನ್ ಬದಲಾಯಿಸಿದ್ದನ್ನು ಸಾರಿಗೆ ಕಚೇರಿಯವರು ನೋಂದಣಿ ಪತ್ರದಲ್ಲಿ ದಾಖಲಿಸಿರಬೇಕು. ವಿಲ್ಲಿಸ್ ಪೆಟ್ರೋಲ್ ಇಂಜಿನ್ನಿನ ನಂಬರು ಮುಂಭಾಗದಲ್ಲಿ, ವಾಟರ್ ಪಂಪು ಕೂರುವ ಜಾಗದಲ್ಲಿ ಒತ್ತಿರುತ್ತದೆ. ಜಿಡ್ಡು ಒರೆಸಿ, ಪತ್ರದ ನಂಬರಿಗೆ ಹೋಲಿಸಿರಿ. ಛಾಸಿ ನಂಬರನ್ನೂ ಹೋಲಿಸಿರಿ. ಪತ್ರದಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನ ಕೆಳಗೆ ಡೀಸೆಲ್ ಇದ್ದರೆ, ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣದ ಹೊತ್ತಿಗೆ ತೊಂದರೆ ಬರುವುದು ಮಾರಿದವನಿಗಲ್ಲ, ನಿಮಗೆ. ಆ ದಾಖಲೆ ಅವನೇ ಸರಿಪಡಿಸಿ ತರಲಿ, ಅಲ್ಲಿಯವರೆಗೆ ಮುಂಗಡ ನಿಮ್ಮ ಜೇಬಿನಲ್ಲಿಯೇ ಇರಲಿ.