ಕಟವಪ್ರದ ವನ್ಯಜೀವಿಗಳು ಮತ್ತು ಮಳೆಗಾಲದ ವ್ರತ

ಶ್ರವಣಬೆಳಗೊಳವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಧರ್ಮ, ರಾಜಕೀಯ ಇತಿಹಾಸ ಹಾಗೂ ಶಿಲ್ಪಕಲೆಗಳನ್ನು ಕೇಂದ್ರವಾಗಿಸಿಕೊಂಡಿವೆ. ಇಲ್ಲಿನ ಶಾಸನ, ಶಿಲ್ಪ ಮತ್ತು ಆಚರಣೆಗಳಲ್ಲಿ ಬಂಡೆಗುಡ್ಡಗಳ ಜೀವಸಂಕುಲವನ್ನೂ ಋತುಮಾನವನ್ನೂ ಕುರಿತ ತಿಳಿವಳಿಕೆ ಅಡಗಿರುವುದು ಅಷ್ಟಾಗಿ ಪರಿಶೀಲನೆಗೆ ಒಳಗಾಗಿಲ್ಲ.

ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿ ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವೊಂದಿದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಸಂಪುಟದಲ್ಲಿ ಇದು ಮೊದಲನೆಯದು. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಒದಗುವುದೆಂಬ ಭದ್ರಬಾಹುವಿನ ಮುನ್ಸೂಚನೆ, ಜೈನಸಂಘದ ದಕ್ಷಿಣಯಾತ್ರೆ, ಕಟವಪ್ರ ಶಿಖರದಲ್ಲಿ ಪ್ರಭಾಚಂದ್ರಾಚಾರ್ಯರ ಸಮಾಧಿಮರಣ ಇದರ ವಸ್ತು. ಕಟವಪ್ರವೆಂದರೆ ಕನ್ನಡ ಶಾಸನಗಳ ಕಳ್ಬಪ್ಪು, ಇಂದಿನ ಚಂದ್ರಗಿರಿ. ಅದರ ಕಣಿವೆ, ಗುಹೆಗಳಲ್ಲಿ ಹಂದಿ, ಚಿರತೆ, ಹುಲಿ, ಕರಡಿ, ಕತ್ತೆಕಿರುಬ, ಹಾವು, ಜಿಂಕೆಗಳು ತುಂಬಿದ್ದವೆಂದು ಶಾಸನ ವರ್ಣಿಸುತ್ತದೆ. ಇದು ಕಾವ್ಯರೂಢಿಯ ವರ್ಣನೆಯೆಂದು ಆಕ್ಷೇಪಿಸಬಹುದು. ಆದರೆ ರೂಢಿಯ ಗಿರಿವರ್ಣನೆಗಳಲ್ಲಿ ಸಾಮಾನ್ಯವಾಗಿ ಬರುವ ಸಿಂಹ ಈ ಪಟ್ಟಿಯಲ್ಲಿಲ್ಲ. ಕರಡಿ, ಚಿರತೆ, ಕತ್ತೆಕಿರುಬಗಳು ಬಂಡೆಗಳ ಸಂದಿನಲ್ಲಿಯೂ ಕುರುಚಲು ಕಾಡಿನಲ್ಲಿಯೂ ನೆಲೆಸುವ ಪ್ರಾಣಿಗಳೇ ಆಗಿವೆ.

ಎದುರಿನ ದೊಡ್ಡಬೆಟ್ಟದಲ್ಲಿ ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯನು ನಿರ್ಮಿಸಿದ ಗೊಮ್ಮಟನ ಮೂರ್ತಿಯ ಇಕ್ಕೆಲಗಳಲ್ಲಿ ಹುತ್ತಗಳೂ ಅವುಗಳಿಂದ ಹೊರಚಾಚಿದ ಸರ್ಪಗಳೂ ಇವೆ. ಮಾಧವೀಲತೆ ಕಾಲು, ತೋಳುಗಳನ್ನು ಸುತ್ತಿಕೊಂಡಿದೆ. ಹುತ್ತವನ್ನು ಕಟ್ಟುವುದು ಗೆದ್ದಲು; ಅಲ್ಲಿ ಆಶ್ರಯ ಪಡೆಯುವುದು ಹಾವು; ಆಹಾರಕ್ಕಾಗಿ ಅದನ್ನು ಒಡೆಯುವುದು ಕರಡಿ. ಹೀಗೆ ಶಾಸನದ ಕರಡಿ ಮತ್ತು ಶಿಲ್ಪದ ಹುತ್ತ ಒಂದೇ ಜೀವಜಾಲಕ್ಕೆ ಸೇರಿದವು.

ಈ ತಿಳಿವಳಿಕೆ ಆಚರಣೆಯಾಗಿ ಉಳಿದಿರುವುದು ಚಾತುರ್ಮಾಸದಲ್ಲಿ. ಆಷಾಢದಿಂದ ಕಾರ್ತಿಕದವರೆಗೆ ಜೈನಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಮಳೆಗೆ ಚಿಗುರಿದ ಹುಲ್ಲಿನಲ್ಲಿ, ಹಾದಿಯಲ್ಲಿ ಹುಳುಹುಪ್ಪಟೆಗಳು ಹೆಚ್ಚುವುದರಿಂದ ನಡಿಗೆಯೇ ಹಿಂಸೆಗೆ ಕಾರಣವಾದೀತೆಂಬುದು ಇದರ ತತ್ತ್ವ. ರೈತರ ಮಳೆನಕ್ಷತ್ರಗಳ ಲೆಕ್ಕದಲ್ಲಿ ಈ ಅವಧಿ ಸುಮಾರಾಗಿ ಪುನರ್ವಸುವಿನಿಂದ ಸ್ವಾತಿ, ವಿಶಾಖದವರೆಗಿನದು. ಇದರ ನಡುವೆಯೇ ಬರುವ ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ಒಕ್ಕಲುಮಕ್ಕಳು ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಮುನಿಗೆ ನಾಲ್ಕು ತಿಂಗಳ ನಿಯಮವಾದುದು ಒಕ್ಕಲಿಗೆ ಒಂದು ದಿನದ ನಿಷೇಧ. ಎರಡರ ಮೂಲ ಒಂದೇ ಎನ್ನಲಾಗದು. ಆದರೆ ಮಳೆಗಾಲದಲ್ಲಿ ನೆಲದೊಳಗಿನ ಜೀವಕ್ಕೆ ತೊಂದರೆ ಕೊಡಬಾರದೆಂಬ ವಿವೇಕ ಎರಡರಲ್ಲಿಯೂ ಇದೆ.

ಹುಲಿ ಈ ಬಯಲಿನಿಂದ ಮರೆಯಾಗಿದೆ. ಕರಡಿ, ಚಿರತೆಗಳು ಉತ್ತರಕ್ಕಿರುವ ಅರಸೀಕೆರೆ ತಾಲ್ಲೂಕಿನ ಗುಡ್ಡಗಳಲ್ಲಿ ಇಂದಿಗೂ ಇವೆ. ವನ್ಯಜೀವಿಯೆಂದರೆ ಮಲೆನಾಡಿನ ದಟ್ಟಾರಣ್ಯವನ್ನಷ್ಟೇ ನೆನೆಯುವ ರೂಢಿಯಿಂದಾಗಿ ಬಯಲುಸೀಮೆಯ ಬಂಡೆಗುಡ್ಡಗಳು ಬರಿಯ ಬಂಜರು, ಕಲ್ಲು ತೆಗೆಯುವ ತಾಣ ಎಂದು ಎಣಿಕೆಯಾಗುತ್ತವೆ. ಅವು ಜೀವಿಗಳ ನೆಲೆಯೆಂಬುದಕ್ಕೆ ಹದಿನಾಲ್ಕು ಶತಮಾನಗಳ ಹಿಂದಿನ ಲಿಖಿತ ಸಾಕ್ಷ್ಯ ಚಿಕ್ಕಬೆಟ್ಟದ ಮೇಲಿದೆ. ಆ ಶಾಸನವನ್ನು ಸುತ್ತಲಿನ ಊರುಗಳ ಪ್ರಾಣಿನಾಮ, ಸ್ಥಳನಾಮ ಹಾಗೂ ಮಳೆಯ ನಂಬಿಕೆಗಳೊಡನೆ ಇಟ್ಟು ನೋಡುವ ಕ್ಷೇತ್ರಕಾರ್ಯ ಇನ್ನು ಆಗಬೇಕಾದುದು. ಆ ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ ಅದನ್ನು ಕೈಗೊಳ್ಳುವುದು ಅವಶ್ಯ.