ಜಾಡಿಗೆ ಮೂರನೇ ಕೂಗು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣಿಸಿಕೊಂಡವೆಂದರೆ ಕೋಲಾರ ಚಿನ್ನದ ಗಣಿ ಬಂತೆಂದೇ ಅರ್ಥ. ಹಳೆಯ ಪಿಂಗಾಣಿ ಸಂಗ್ರಹಿಸುವ ಗೀಳಿನ ನಾನು 2018ರ ಬೇಸಿಗೆಯ ಒಂದು ಭಾನುವಾರ ಚಾಂಪಿಯನ್ ರೀಫ್ಸ್‌ಗೆ ಹೋದದ್ದು ಹರಾಜೊಂದಕ್ಕೆ. ಗಣಿಯ ನಿವೃತ್ತ ಅಧಿಕಾರಿಯೊಬ್ಬರು ತೀರಿಕೊಂಡ ಮೇಲೆ, ವಿದೇಶದಲ್ಲಿರುವ ಮಕ್ಕಳು ಮನೆಯ ಸಾಮಾನನ್ನೆಲ್ಲ ಮಾರಲು ತೀರ್ಮಾನಿಸಿದ್ದರು.

ಅಂಗಳದ ಮೇಜಿನ ಮೇಲೆ ನೀಲಿ ಚಿತ್ತಾರದ ಊಟದ ತಟ್ಟೆಗಳಿದ್ದವು. ಒಂದನ್ನು ಮಗುಚಿ ನೋಡಿದೆ. ತಳದಲ್ಲಿ ‘ಇಂಗ್ಲೆಂಡ್’ ಎಂಬ ಮುದ್ರೆ. ಆಮದು ವಸ್ತುವಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಸುಂಕದ ಕಾನೂನು ವಿಧಿಸಿತು. ಈ ಬಗೆಯ ಮುದ್ರೆ ವ್ಯಾಪಕವಾಗಿ ಕಾಣಿಸಿಕೊಂಡದ್ದು 1891ರಿಂದೀಚೆಗೆ. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಇಲ್ಲಿ ಕ್ಲಬ್ಬು, ಬಂಗಲೆಗಳು ಮೇಲೆದ್ದ ಕಾಲವೂ ಅದೇ. ಬೆಂಗಳೂರಿನಿಂದ ಬಂದಿದ್ದ ವ್ಯಾಪಾರಿಗಳ ಪೈಪೋಟಿಯಲ್ಲಿ ತಟ್ಟೆಗಳ ಬೆಲೆ ನನ್ನ ಜೇಬನ್ನು ಮೀರಿತು.

ಹಿತ್ತಲಿನ ಜಗಲಿಯಲ್ಲಿ ಕಂದು ಮೆರುಗಿನ, ಅಂಚು ಮುಕ್ಕಾದ ಉಪ್ಪಿನಕಾಯಿ ಜಾಡಿಯೊಂದಿತ್ತು. ಅದರ ತಳದಲ್ಲಿ ಯಾವ ಮುದ್ರೆಯೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸು ಅದರ ಕೊರಳನ್ನು ಸೆರಗಿನಿಂದ ಒರೆಸುತ್ತಿದ್ದರು. ಅವರ ತಾಯಿ ಆ ಮನೆಯಲ್ಲಿ ಅಡುಗೆಗಿದ್ದವರು. ಪ್ರತಿ ಬೇಸಿಗೆಯೂ ಆ ಜಾಡಿಯಲ್ಲೇ ನಿಂಬೆಕಾಯಿ ಉಪ್ಪು ಹಾಕಿಡುತ್ತಿದ್ದರಂತೆ. ಇಂಥವರ ಸಂಸಾರಗಳು ಬದುಕಿದ್ದು ಬಿದಿರು ತಟ್ಟಿಯ ಗೂಡುಗಳಂಥ ಮನೆಗಳಲ್ಲಿ. ಗಂಡಸರು ಇಳಿಯುತ್ತಿದ್ದುದು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ.

‘ಒಂದನೇ ಸಾರಿ, ಎರಡನೇ ಸಾರಿ...’ ಎದುರು ಕೂಗುವವರಿರಲಿಲ್ಲ. ಆರುನೂರು ರೂಪಾಯಿಗೆ ಜಾಡಿ ನನ್ನದಾಯಿತು. ಮನಸ್ಸು ಒಪ್ಪಲಿಲ್ಲ. ‘ನೀವೇ ಇಟ್ಟುಕೊಳ್ಳಿ ಅಮ್ಮ’ ಎಂದೆ. ಅವರು ತಲೆಯಾಡಿಸಿದರು. ‘ನಮ್ಮ ಮನೇಲಿ ಜಾಗ ಎಲ್ಲಿದೆ ಸಾರ್? ನೀವೇ ಇಟ್ಕೊಳ್ಳಿ. ಆದರೆ ಇದು ಯಾರ ಕೈಲಿತ್ತು ಅಂತ ಬರೆದಿಡಿ.’

ನನಗೆ ನಾಚಿಕೆಯಾಯಿತು. ನನ್ನ ಸಂಗ್ರಹದ ದಾಖಲೆ ಪುಸ್ತಕದಲ್ಲಿ ತಯಾರಕ, ಕಾಲ, ಬೆಲೆ ಎಂಬ ಮೂರೇ ಕಲಮುಗಳಿದ್ದವು. ಬಳಸಿದವರ ಹೆಸರಿಗೆ ಸ್ಥಳವೇ ಇರಲಿಲ್ಲ.

1972ರ ಪುರಾತನ ವಸ್ತುಗಳ ಕಾಯ್ದೆಯು ನೂರು ವರ್ಷ ದಾಟಿದ ಕುಶಲ ವಸ್ತುಗಳಿಗೆ ಮಾನ್ಯತೆ ಕೊಡುತ್ತದೆ. ಆದರೆ ಅವುಗಳ ಜೊತೆಗಿದ್ದ ನೆನಪನ್ನು ಯಾವ ಕಾಯ್ದೆಯೂ ಕಾಯಲಾರದು. ಶತಮಾನಕ್ಕೂ ಮಿಕ್ಕಿದ ಗಣಿಗಾರಿಕೆಯಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತೆಂಬ ಲೆಕ್ಕವಿದೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಬಳಿಕ ಮನೆಮನೆಯಿಂದ ಹೊರಟುಹೋದ ಪಾತ್ರೆ ಪಡಗಗಳ ಲೆಕ್ಕವನ್ನು ಇಟ್ಟವರು ಯಾರು? ಊರು ಬಿಟ್ಟ ವಸ್ತು ಗುರುತಿಲ್ಲದೆ ಕೈ ಬದಲಾದರೆ ಉಳಿಯುವುದು ಸುಟ್ಟ ಮಣ್ಣು ಮಾತ್ರ. ನಮ್ಮಂಥ ಸಂಗ್ರಾಹಕರು ಹಣ ಎಣಿಸುವ ಮುನ್ನ ಎರಡು ಮಾತು ಕೇಳಿ ಬರೆದುಕೊಂಡರೆ ಅಷ್ಟಾದರೂ ಉಳಿದೀತು.

ಈಗ ನನ್ನ ಪುಸ್ತಕದಲ್ಲಿ ನಾಲ್ಕನೆಯ ಕಲಮು ಇದೆ. ಅದರಲ್ಲಿ ಬರೆದ ಮೊದಲ ಹೆಸರು, ಆ ಅಡುಗೆಯಾಕೆಯದು.